ಅತ್ತರ್ ಸ್ಯಾಂಪಲ್ ಎಲ್ಲ ಒಂದೇ ತರ ವಾಸನೆ ಬರುತ್ತಿವೆ, ನಾನು ಮೋಸ ಹೋದೆನಾ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಬಾಗಲಕೋಟೆಯಲ್ಲಿ ಕೂತು, ಕೈಯಿಂದ ಅತ್ತರ್ ಮಾಡುವ ಒಬ್ಬ ಸಣ್ಣ ತಯಾರಕರ ಹತ್ತಿರ ಎಂಟು ಪುಟ್ಟ ಶೀಶೆಗಳ ಸೆಟ್ ತರಿಸಿದ್ದೀರಿ. ಗುಲಾಬಿ, ಮಲ್ಲಿಗೆ, ಖಸ್ (ಲಾವಂಚ), ಮಿಟ್ಟಿ (ಮಣ್ಣಿನ ಘಮ), ಕೇವಡಾ (ಕೇದಗೆ), ಶಮಾಮಾ (ಮಸಾಲೆಗಳ ಬೆರಕೆ), ಊದ್ (ಅಗರು ಮರದ್ದು), ಕಸ್ತೂರಿ. ಪಾರ್ಸೆಲ್ ಬಂದ ಸಂಜೆಯೇ ಎಂಟನ್ನೂ ಎರಡು ಕೈ ತುಂಬ ಹಚ್ಚಿಕೊಂಡಿರಿ. ಎಲ್ಲ ಕಲಸಿ ಒಂದೇ ತರ ಅನ್ನಿಸಿತು, ತಲೆನೋವು ಬಂತು, ಮಲ್ಲಿಗೆ ಕೊಳೆತ ಹಾಗೆ ನಾರಿತು, ಕಸ್ತೂರಿಗೆ ವಾಸನೆಯೇ ಇರಲಿಲ್ಲ. ಈಗ ಮೋಸ ಹೋದೆನಾ ಅಂತ ಕೇಳುತ್ತಿದ್ದೀರಿ, ಜೊತೆಗೆ ಇವುಗಳಲ್ಲಿ ಯಾವುದರ ದೊಡ್ಡ ಶೀಶೆ ತಗೊಳ್ಳಲಿ ಅಂತಲೂ ಕೇಳಿದ್ದೀರಿ.

ನೀವು ಬರೆದಿದ್ದನ್ನು ನೋಡಿದರೆ ಮೋಸ ಅಂತ ಹೇಳೋಕೆ ಏನೂ ಇಲ್ಲ. ಆದರೆ ಇನ್ನೂ ಒಂದನ್ನೂ ನೀವು ಸರಿಯಾಗಿ ನೋಡಿಲ್ಲ. ಒಂದು ದಿನಕ್ಕೆ ಒಂದೇ ಅತ್ತರ್, ಅದೂ ನಿಮ್ಮ ಚರ್ಮದ ಮೇಲೆ, ಬೆಳಿಗ್ಗೆಯಿಂದ ರಾತ್ರಿವರೆಗೆ. ನಾನು ವಿಜಯಪುರದಲ್ಲಿರುವುದು, ನನಗೆ ಅತ್ತರಿನ ಹುಚ್ಚು ತುಂಬಾ ಹಳೆಯದು, ಮತ್ತು ಈ ಒಂದು ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಕಾರಣ ಹೇಳುತ್ತೇನೆ. ಬಾಟಲಿ ಸೆಂಟಿನಲ್ಲಿ ಆಲ್ಕೋಹಾಲ್ ಇರುತ್ತದೆ, ಅದು ಹಾರಿಹೋಗುವಾಗ ಘಮವನ್ನು ಎತ್ತಿಕೊಂಡು ಕೋಣೆ ತುಂಬಿಸುತ್ತದೆ. ಅತ್ತರಿನಲ್ಲಿ ಆಲ್ಕೋಹಾಲ್ ಇಲ್ಲ, ಇರುವುದು ಎಣ್ಣೆ. ಅದು ಮೈ ಬಿಸಿಗೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ, ಚರ್ಮಕ್ಕೆ ಅಂಟಿಕೊಂಡೇ ಇರುತ್ತದೆ. ಮೊದಲ ಹತ್ತು ನಿಮಿಷ ನಿಮಗೆ ಬರುವುದು ಬೇಗ ಹಾರುವ ತೆಳು ಭಾಗ, ಹೆಚ್ಚು ಸಲ ಅದು ಘಾಟಾಗಿಯೇ ಇರುತ್ತದೆ. ಅರ್ಧ ಗಂಟೆ ಆದಮೇಲೆ ಹೂವು ಬರುತ್ತದೆ. ನಾಲ್ಕೈದು ಗಂಟೆ ಕಳೆದ ಮೇಲೆ ಉಳಿಯುವುದು ತಳದ ಎಣ್ಣೆ, ಅಂದರೆ ಶ್ರೀಗಂಧವೋ ಇನ್ನೊಂದೋ. ದುಡ್ಡು ಕೊಟ್ಟು ದೊಡ್ಡ ಶೀಶೆ ತಗೊಂಡರೆ ದಿನದ ಬಹುಪಾಲು ನಿಮ್ಮ ಜೊತೆ ಇರುವುದು ಆ ಕೊನೆಯ ಭಾಗವೇ ಅಲ್ವಾ? ಮುಚ್ಚಳ ತೆಗೆದು ಮೂಸಿ ತೀರ್ಮಾನ ಮಾಡಿದರೆ ಅದು ನಿಮಗೆ ಸಿಗುವುದೇ ಇಲ್ಲ.

ಇನ್ನು ಮೂಗು. ಮೂರು ನಾಲ್ಕು ವಾಸನೆ ಆದಮೇಲೆ ಅದು ದಣಿಯುತ್ತದೆ, ಆಮೇಲೆ ಏನು ಕೊಟ್ಟರೂ ಸಿಹಿ ಸಿಹಿ, ಭಾರ ಭಾರ ಅಷ್ಟೇ. ನಿಮಗೆ ಎಲ್ಲ ಒಂದೇ ಅನ್ನಿಸಿದ್ದು ಅದಕ್ಕೇ, ತಲೆನೋವು ಬಂದಿದ್ದೂ ಬಹುಶಃ ಅದಕ್ಕೇ. ಕಾಫಿ ಬೀಜ ಮೂಸಿದರೆ ಮೂಗು ಸರಿಹೋಗುತ್ತದೆ ಅಂತ ಅಂಗಡಿಗಳಲ್ಲಿ ಇಟ್ಟಿರುತ್ತಾರೆ, ಅದರಿಂದ ವಿಶೇಷ ಉಪಯೋಗವಿಲ್ಲ, ಅದೂ ಇನ್ನೊಂದು ವಾಸನೆ. ಹೊರಗೆ ಹೋಗಿ ಗಾಳಿ ತಗೊಳ್ಳಿ, ಇಲ್ಲಾಂದರೆ ನಿಮ್ಮದೇ ಒಗೆದ ಅಂಗಿಯ ತೋಳನ್ನು ಮೂಸಿ, ಸಾಕು.

ಹಚ್ಚುವ ರೀತಿ ಹೀಗೆ. ಸ್ನಾನ ಮಾಡಿ, ವಾಸನೆ ಇಲ್ಲದ ಸೋಪು ಇದ್ದರೆ ಒಳ್ಳೆಯದು. ಮುಂಗೈ ಒಳಭಾಗಕ್ಕೆ ಗಾಜಿನ ಕಡ್ಡಿಯಿಂದ ಮುಟ್ಟಿಸಿದಷ್ಟು ಸಾಕು, ಪೂರ್ತಿ ಹನಿ ಬೇಡ. ಎರಡೂ ಮುಂಗೈ ಸೇರಿಸಿ ಉಜ್ಜುವ ಅಭ್ಯಾಸ ಇದ್ದರೆ ಬಿಡಿ, ಸುಮ್ನೆ ಹಾಗೇ ಇರಲಿ. ನಮ್ಮ ಕಡೆ ಬಿಸಿಲಿಗೆ ಚರ್ಮ ಒಣಗಿರುತ್ತದೆ, ಒಣ ಚರ್ಮದ ಮೇಲೆ ಘಮ ಬೇಗ ಮಾಯವಾಗುತ್ತದೆ, ಹಾಗಾಗಿ ಮೊದಲು ಚೂರು ವ್ಯಾಸಲೀನ್ ಸವರಿ ಅದರ ಮೇಲೆ ಹಚ್ಚಿ. ಮುಖ್ಯವಾಗಿ, ಯಾವುದೇ ಹೊಸ ಅತ್ತರನ್ನು ಮೊದಲ ಸಲ ಮೊಣಕೈ ಒಳ ಮಡಿಕೆಯಲ್ಲಿ ಒಂದು ಚುಕ್ಕೆ ಇಟ್ಟು ಒಂದೆರಡು ದಿನ ನೋಡಿ. ನೈಸರ್ಗಿಕ ಅಂದ ಮಾತ್ರಕ್ಕೆ ಕೆರೆತ ಬರಲ್ಲ ಅಂತೇನಿಲ್ಲ. ನಿಂಬೆ ಜಾತಿಯವು, ಅದರಲ್ಲೂ ಬರ್ಗಮಾಟ್ ಇರುವುದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಆಗಬಹುದು. ಏಪ್ರಿಲ್ ಮೇನಲ್ಲಿ ನಮ್ಮ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಮನೆಯಲ್ಲಿ ಉಬ್ಬಸ ಇರುವವರು ಇದ್ದರೆ ಅವರ ಹತ್ತಿರ ಪ್ರಯೋಗ ಬೇಡ.

ಬಟ್ಟೆ ಜೋಪಾನ. ಊದ್, ಶಮಾಮಾ, ಖಸ್ ಇವು ದಪ್ಪ, ಗಾಢ ಬಣ್ಣ. ಇಳಕಲ್ ಸೀರೆಯ ರೇಷ್ಮೆ ಸೆರಗಿಗೆ ತಾಗಿದರೆ ಆ ಕಲೆ ಹೋಗುವುದು ಕಷ್ಟ. ನಮ್ಮ ಕಡೆ ಹಿರಿಯರು ಹತ್ತಿಗೆ ಅದ್ದಿ ಕಿವಿ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರಲ್ಲ, ಅದು ತುಂಬಾ ಒಳ್ಳೆಯ ಪದ್ಧತಿ. ಬಟ್ಟೆಗೂ ತಾಗಲ್ಲ, ಇಡೀ ದಿನ ಘಮ ಮೂಗಿನ ಹತ್ತಿರವೇ ಇರುತ್ತದೆ.

ಈಗ ನಿಮ್ಮ ಮಲ್ಲಿಗೆ. ಕೊಳೆತ ಹಾಗೆ ನಾರಿತು ಅಂದಿರಿ, ಅದು ನನಗೆ ಒಳ್ಳೆಯ ಲಕ್ಷಣ ಅನ್ನಿಸುತ್ತದೆ. ಮಲ್ಲಿಗೆಯಲ್ಲಿ ಇಂಡೋಲ್ ಅನ್ನುವ ವಸ್ತು ಸಹಜವಾಗಿಯೇ ಇರುತ್ತದೆ, ಜಾಸ್ತಿ ಆದರೆ ಮಲದ ವಾಸನೆ, ಚೂರೇ ಇದ್ದರೆ ಹೂವಿಗೆ ಒಂದು ಅಮಲು ತರುತ್ತದೆ. ರಾತ್ರಿ ಮುಡಿದ ಮಾಲೆ ಬೆಳಿಗ್ಗೆ ತಲೆದಿಂಬಿನ ಮೇಲೆ ಹೇಗೆ ಘಮಿಸುತ್ತದೆ ನೆನಪು ಮಾಡಿಕೊಳ್ಳಿ, ಅದರಲ್ಲಿ ಆ ಭಾರದ ವಾಸನೆ ಇದ್ದೇ ಇರುತ್ತದೆ. ಶೀಶೆಯಿಂದ ನೇರ ಮೂಸಿದಾಗ ಅದೇ ಮುಂದೆ ಬರುತ್ತದೆ. ಕಡ್ಡಿ ತುದಿಯಷ್ಟು ಹಚ್ಚಿ ಒಂದು ಗಂಟೆ ಬಿಟ್ಟು ನೋಡಿ. ಸೋಪಿನ ಹಾಗೆ ಸ್ವಚ್ಛವಾಗಿ ಬರುವ ಮಲ್ಲಿಗೆ ಸಿಕ್ಕರೆ ಅದರಲ್ಲಿ ಲ್ಯಾಬಿನ ಪಾಲು ಜಾಸ್ತಿ ಅಂತ ನಾನು ಅಂದುಕೊಳ್ಳುತ್ತೇನೆ. ಅದೇ ನಿಮಗೆ ಇಷ್ಟವಾದರೆ ಅದನ್ನೇ ಹಚ್ಚಿ, ಅದರಲ್ಲಿ ತಪ್ಪೇನಿಲ್ಲ.

ಕಸ್ತೂರಿಯ ವಿಷಯ ಬೇರೆ. ಕಸ್ತೂರಿ ಮೃಗದ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿಷೇಧ ಇದೆ. ಇವತ್ತು ಅಂಗಡಿಯಲ್ಲಿ ಸಿಗುವ ಕಸ್ತೂರಿ ಲ್ಯಾಬಿನಲ್ಲಿ ಮಾಡಿದ್ದು, ಇಲ್ಲವೇ ಲತಾಕಸ್ತೂರಿ ಬೀಜದ್ದು. ಯಾರಾದರೂ ಅಸಲಿ ಮೃಗದ್ದು ಅಂತ ಹೇಳಿ ಮಾರಿದರೆ, ಒಂದೋ ಸುಳ್ಳು, ಒಂದೋ ಅಪರಾಧ, ಎರಡರಿಂದಲೂ ದೂರ ಇರಿ. ವಾಸನೆ ಬರಲಿಲ್ಲ ಅಂದಿದ್ದಕ್ಕೆ ಕಾರಣ ನಿಮ್ಮ ಮೂಗೇ ಇರಬಹುದು. ಕೆಲವರಿಗೆ ಕೆಲವು ಬಗೆಯ ಕಸ್ತೂರಿ ಗೊತ್ತೇ ಆಗುವುದಿಲ್ಲ, ಅದು ರೋಗವಲ್ಲ, ಹುಟ್ಟಿನಿಂದ ಹಾಗೆ. ಮನೆಯಲ್ಲಿ ಇನ್ನಿಬ್ಬರಿಗೆ ಮೂಸಲು ಕೊಡಿ. ಅವರಿಗೆ ಬಂದು ನಿಮಗೆ ಬರದಿದ್ದರೆ ಆ ಶೀಶೆ ಅವರಿಗೇ ಕೊಟ್ಟುಬಿಡಿ.

ಅಸಲಿಯೋ ನಕಲಿಯೋ ಅನ್ನುವ ನಿಮ್ಮ ಚಿಂತೆಗೆ ಬರುತ್ತೇನೆ. ಕಾಗದದ ಮೇಲೆ ಹನಿ ಹಾಕಿ ಜಿಡ್ಡು ಉಳಿದರೆ ನಕಲಿ, ನೀರಿಗೆ ಬಿಟ್ಟು ನೋಡಿ, ಬೆಂಕಿಗೆ ಹಿಡಿದು ನೋಡಿ, ಇಂಥವು ವಾಟ್ಸಾಪಿನಲ್ಲಿ ಬಹಳ ಓಡಾಡುತ್ತವೆ. ಇವುಗಳಿಂದ ತೀರ್ಮಾನ ಆಗುವುದಿಲ್ಲ. ಶ್ರೀಗಂಧದ ಎಣ್ಣೆ ಕೂಡ ತುಂಬಾ ನಿಧಾನವಾಗಿ ಆರುತ್ತದೆ, ಹಾಗಾದರೆ ಅದೂ ನಕಲಿಯೇ? ಬೆಂಕಿಯಂತೂ ಅಪಾಯ, ಬೇಡವೇ ಬೇಡ. ನಿಜವಾದ ಪರೀಕ್ಷೆ ಲ್ಯಾಬಿನಲ್ಲಿ ಮಾತ್ರ.

ನಮ್ಮ ಕೈಯಲ್ಲಿರುವುದು ಲೆಕ್ಕ. ಒಂದು ಕೆಜಿ ಗುಲಾಬಿ ಎಣ್ಣೆಗೆ ಸುಮಾರು ಮೂರರಿಂದ ನಾಲ್ಕು ಸಾವಿರ ಕೆಜಿ ಹೂ ಬೇಕು. ಅಂದರೆ ಒಂದು ಮಿಲಿಗೆ ಹತ್ತಿರ ಹತ್ತಿರ ಮೂರು ಕೆಜಿ ಹೂ, ಅದೂ ಬೆಳಗಿನ ಜಾವ ಬಿಸಿಲೇರುವ ಮೊದಲು ಕಿತ್ತಿದ್ದು. ಹೂವಿನ ದರ ನೀವೇ ಸಂತೆಯಲ್ಲಿ ಕೇಳಿ, ಆಮೇಲೆ ನೂರೈವತ್ತು ರೂಪಾಯಿಗೆ ಮೂರು ಮಿಲಿ ಶುದ್ಧ ರೂಹ್ ಗುಲಾಬ್ ಕೊಡುತ್ತೇನೆ ಅನ್ನುವವರನ್ನು ನಂಬಬೇಕಾ ಅಂತ ನೀವೇ ಹೇಳಿ. ರೂಹ್ ಅಂದರೆ ಬೇರೇನೂ ಬೆರೆಸದ ಹೂವಿನ ಎಣ್ಣೆ. ಅತ್ತರ್ ಅಂದರೆ ಹೂವಿನ ಹಬೆಯನ್ನು ಶ್ರೀಗಂಧದ ಎಣ್ಣೆಗೆ ಇಳಿಸಿದ್ದು. ಉತ್ತರ ಪ್ರದೇಶದ ಕನೌಜಿನಲ್ಲಿ ಇದನ್ನು ಇಂದಿಗೂ ಹಳೆಯ ರೀತಿಯಲ್ಲೇ ಮಾಡುತ್ತಾರೆ: ತಾಮ್ರದ ಹಂಡೆಗೆ ಹೂ, ನೀರು ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಕಟ್ಟಿಗೆ ಮತ್ತು ಕುಳ್ಳಿನ ಬೆಂಕಿ ಇಟ್ಟು, ಬಿದಿರಿನ ಕೊಳವೆಯಲ್ಲಿ ಹಬೆಯನ್ನು ಇನ್ನೊಂದು ಪಾತ್ರೆಗೆ ಹಾಯಿಸುತ್ತಾರೆ, ಆ ಪಾತ್ರೆಯಲ್ಲಿ ಶ್ರೀಗಂಧದ ಎಣ್ಣೆ ಕಾದು ಕೂತಿರುತ್ತದೆ. ಶ್ರೀಗಂಧ ದುಬಾರಿ ಆದಮೇಲೆ ಎಷ್ಟೋ ಜನ ಪ್ಯಾರಾಫಿನ್ ಎಣ್ಣೆಗೆ ಇಳಿದರು. ಹಾಗಾಗಿ ನಾನು ಮಾರುವವರಿಗೆ ಕೇಳುವುದು ಒಂದೇ ಪ್ರಶ್ನೆ: ತಳದ ಎಣ್ಣೆ ಯಾವುದು? ನೇರ ಉತ್ತರ ಕೊಟ್ಟವರ ಹತ್ತಿರ, ಅದು ಶ್ರೀಗಂಧ ಅಲ್ಲದಿದ್ದರೂ, ನಾನು ಮತ್ತೆ ಹೋಗುತ್ತೇನೆ. ಪ್ಯೂರ್ ಪ್ಯೂರ್ ಅಂತ ಮಾತು ತೇಲಿಸುವವರ ಹತ್ತಿರ ಹೋಗುವುದಿಲ್ಲ.

ಈ ವಿದ್ಯೆ ನಮ್ಮ ಊರಿಗೆ ಹೊರಗಿನದೇನಲ್ಲ. 1580ರಿಂದ 1627ರವರೆಗೆ ವಿಜಯಪುರ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹನಿಗಾಗಿ ಸುಗಂಧ ತಯಾರಿಕೆಯ ಮೇಲೆಯೇ ಒಂದು ಗ್ರಂಥ ಬರೆದಿದ್ದರು, ಇತ್ರ್-ಎ-ನವರಸ್ ಶಾಹಿ ಅಂತ. ಗೋಲಗುಂಬಜ್ ನೋಡಲು ಬರುವವರಿಗೆ ಇದನ್ನು ಯಾರೂ ಹೇಳುವುದಿಲ್ಲ, ಅದು ನನಗೆ ತುಂಬಾ ಬೇಸರ.

ನೀವು ಯಾವಾಗಲಾದರೂ ಇಲ್ಲಿಗೆ ಬಂದರೆ ಹಳೆಯ ಅತ್ತರಿನ ಅಂಗಡಿಗೂ ಹೋಗಿ. ಅಂಗಡಿಯವರು ಪ್ರೀತಿಯಿಂದಲೇ ಒಂದೊಂದು ಬೆರಳಿಗೂ ಒಂದೊಂದು ಹಚ್ಚುತ್ತಾರೆ, ಅಲ್ಲೇ ತಡೆಯಿರಿ. "ಚಾಚಾ, ಒಂದೇ ಸಾಕ್ರಿ, ಹಚ್ಕೊಂಡು ಹೋಗ್ತೀನಿ, ನಾಳೆ ಬಂದು ಹೇಳ್ತೀನಿ" ಅಂದರೆ ಸಾಕು. ನಾನು ಹೋಗುವ ಅಂಗಡಿಯ ಚಾಚಾ ಇದಕ್ಕೆ ಯಾವತ್ತೂ ಬೇಜಾರು ಮಾಡಿಕೊಂಡಿಲ್ಲ. "ಹಂಗೇ ಮಾಡ್ ಬೇಟಾ, ಅತ್ತರ್ ಅವಸರದ್ದಲ್ಲ" ಅಂತ ಹತ್ತಿಗೆ ಅದ್ದಿ ಕೊಟ್ಟು ಕಳಿಸುತ್ತಾರೆ.

ಸ್ಯಾಂಪಲ್ ಮುಗಿದುಹೋಗುತ್ತದೆ ಅಂತ ಹೆದರಬೇಡಿ. ಒಂದು ಮಿಲಿಯಲ್ಲಿ ಇಪ್ಪತ್ತು ಹನಿಗೂ ಜಾಸ್ತಿ ಬರುತ್ತದೆ, ಕಡ್ಡಿಯಿಂದ ಮುಟ್ಟಿಸಿದರೆ ಇನ್ನೂ ಎಷ್ಟೋ ಸಲ ಆಗುತ್ತದೆ. ಶೀಶೆಗಳನ್ನು ಕಪಾಟಿನಲ್ಲಿ ಕತ್ತಲಲ್ಲಿ ನಿಲ್ಲಿಸಿಡಿ, ಕಿಟಕಿ ಹತ್ತಿರವೂ ಬೇಡ, ಬಚ್ಚಲಲ್ಲೂ ಬೇಡ. ಎಣ್ಣೆ ತಾಗಿ ಚೀಟಿ ಮೇಲಿನ ಇಂಕು ಅಳಿಸಿಹೋಗುತ್ತದೆ, ಅದರ ಮೇಲೆ ಈಗಲೇ ಟೇಪು ಅಂಟಿಸಿ. ಒಂದು ನೋಟ್‌ಬುಕ್ ಇಡಿ: ಹೆಸರು, ಹಚ್ಚಿದ ಹೊತ್ತು, ಆವತ್ತು ಬಿಸಿಲೋ ಮಳೆಯೋ, ಅರ್ಧ ಗಂಟೆಗೆ ಹೇಗಿತ್ತು, ಸಂಜೆಗೆ ಏನು ಉಳಿಯಿತು. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಬರೆಯಬೇಡಿ, ಏನು ನೆನಪಾಯಿತು ಅಂತ ಬರೆಯಿರಿ. ಹಸಿ ಮಣ್ಣು, ಅಜ್ಜಿಯ ಟ್ರಂಕು, ಲವಂಗ, ಏನಾದರೂ ಸರಿ. ನಿಮ್ಮ ಮೂಗು ಯಾವ ಕಡೆ ವಾಲುತ್ತದೆ ಅಂತ ನಿಮಗೇ ಗೊತ್ತಾಗುತ್ತಾ ಬರುತ್ತದೆ.

ಯಾವುದರಿಂದ ಶುರು ಮಾಡಲಿ ಅಂದರೆ, ಈ ಬಿಸಿಲಿಗೆ ಖಸ್. ನಮ್ಮ ಲಾವಂಚದ ಬೇರೇ ಅದು, ಮಡಕೆಯ ನೀರಿಗೆ ಹಾಕುತ್ತೇವಲ್ಲ, ಅದೇ ತಂಪು. ರೂಹ್ ಖಸ್ ಸ್ವಲ್ಪ ಹಸಿರು ಬಣ್ಣ ಇದ್ದರೆ ಗಾಬರಿ ಬೇಡ, ತಾಮ್ರದ ಹಂಡೆಯಿಂದ ಬರುವ ಬಣ್ಣ ಅದು. ಆಮೇಲೆ ಕೇವಡಾ, ನಮ್ಮ ಕೇದಗೆಯೇ, ಒಡಿಶಾದ ಗಂಜಾಂ ಕಡೆಯದು ಹೆಸರುವಾಸಿ. ತುಂಬಾ ಜೋರು, ಅರ್ಧ ಕಡ್ಡಿ ಸಾಕು. ಗುಲಾಬಿಯನ್ನು ಯಾವಾಗ ಬೇಕಾದರೂ ನೋಡಿ.

ಮಿಟ್ಟಿಯನ್ನು ಮೊದಲ ಮಳೆವರೆಗೆ ತಡೆದಿಡಿ ಅಂತ ನನ್ನ ಆಸೆ. ಸುಟ್ಟ ಮಣ್ಣನ್ನು ಹಂಡೆಗೆ ಹಾಕಿ ಹಬೆ ಇಳಿಸಿ ಮಾಡುವ ಅತ್ತರ್ ಅದು. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಮಳೆ ಬಿದ್ದ ನೆಲದ ವಾಸನೆ ಎಲ್ಲಿಂದ ಬರುತ್ತದೆ ಅಂತ ಬರೆದರು, ಕನೌಜಿನವರು ಅದಕ್ಕೂ ಮೊದಲೇ ಅದನ್ನು ಶೀಶೆಗೆ ತುಂಬುತ್ತಿದ್ದರು. ಆದರೆ ಅದು ಗಂಗೆಯ ಬಯಲಿನ ಮಣ್ಣು. ನಮ್ಮ ಎರೆ ಹೊಲಕ್ಕೆ ಮಳೆ ಬಿದ್ದಾಗ ಬರುವ ವಾಸನೆ ಇನ್ನೂ ಗಾಢ ಅಂತ ನನಗೆ ಅನ್ನಿಸುತ್ತದೆ. ಎರಡನ್ನೂ ಒಟ್ಟಿಗೆ ಮೂಸಿ ನೋಡಿದರೆ ವ್ಯತ್ಯಾಸ ನಿಮಗೂ ತಿಳಿಯುತ್ತದೆ.

ಶಮಾಮಾ, ಊದ್ ಎರಡನ್ನೂ ಸಂಕ್ರಾಂತಿ ಸಮಯದ ಚಳಿಗೆ ಎತ್ತಿಡಿ. ಶಮಾಮಾದಲ್ಲಿ ಲವಂಗ, ಏಲಕ್ಕಿ, ಜಾಯಿಕಾಯಿ, ನಮ್ಮ ಮಸಾಲೆಗೆ ಹಾಕುವ ಕಲ್ಲುಹೂವು, ಹೀಗೆ ಹತ್ತಾರು ಸಾಮಾನು ಇರುತ್ತವೆ, ಮೇ ತಿಂಗಳಲ್ಲಿ ಅದು ಉಸಿರು ಕಟ್ಟಿಸುತ್ತದೆ, ಜನವರಿಯಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ. ಊದ್ ಇಡುವುದರಿಂದ ಕೆಡುವುದಿಲ್ಲ, ಇನ್ನೂ ಮೆತ್ತಗಾಗುತ್ತದೆ. ದೊಡ್ಡ ಶೀಶೆಯ ಆರ್ಡರ್ ಅಲ್ಲಿವರೆಗೂ ಬೇಡ. ಖಸ್ ಇಷ್ಟವಾದರೆ ಮೊದಲು ಅದರ ಮೂರು ಮಿಲಿ ತರಿಸಿ, ತಳದ ಎಣ್ಣೆ ಯಾವುದು ಅಂತ ಆರ್ಡರ್ ಮಾಡುವ ಮೊದಲೇ ಅವರನ್ನು ಕೇಳಿ, ಏನು ಹೇಳಿದರು ಅಂತ ಇಲ್ಲೇ ಕೆಳಗೆ ಬರೆಯಿರಿ, ನೋಡುತ್ತೇನೆ.