ಆಗುಂಬೆಯಿಂದ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಕಾಡಿನ ಮರಗಳೇ ಬದಲಾಗುವುದು ಯಾಕೆ?

ಮಳೆ ಎನ್ನುವುದು ಅರ್ಧ ಉತ್ತರ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಸುರಿಯುತ್ತದೆ, ನೂರು ಕಿ.ಮೀ. ಒಳಗಿರುವ ಶಿವಮೊಗ್ಗ ನಗರದಲ್ಲಿ 1000 ಮಿ.ಮೀ. ಆಸುಪಾಸು. ಹಾಗಾಗಿ ನಿತ್ಯಹರಿದ್ವರ್ಣ ಕಾಡು ಹಿಂದುಳಿದು ಮತ್ತಿ, ಹೊನ್ನೆ, ತೇಗದಂಥ ಎಲೆ ಉದುರಿಸುವ ಮರಗಳು ಬರುತ್ತವೆ.

ಆದರೆ ಒಟ್ಟು ಮಳೆಗಿಂತ ಬೇಸಿಗೆ ಎಷ್ಟು ಉದ್ದ ಎನ್ನುವುದೇ ಹೆಚ್ಚು ಮುಖ್ಯ. ಘಟ್ಟದ ಉತ್ತರ ಭಾಗದಲ್ಲಿರುವ ಮಹಾರಾಷ್ಟ್ರದ ಮಹಾಬಲೇಶ್ವರದಲ್ಲೂ 5000 ಮಿ.ಮೀ. ದಾಟುತ್ತದೆ, ಆದರೆ ಅದು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಕೇರಳದ ದಕ್ಷಿಣ ತುದಿಯಲ್ಲಿ ಒಣ ತಿಂಗಳು ಎರಡು ಮೂರು ಮಾತ್ರ. ಪಶ್ಚಿಮ ಘಟ್ಟದಲ್ಲಿ ಉತ್ತರಕ್ಕೆ ಹೋದಂತೆ ನಿತ್ಯಹರಿದ್ವರ್ಣ ಮರಗಳ ಜಾತಿಗಳು ಕಡಿಮೆಯಾಗುವುದಕ್ಕೆ ಇದೇ ಮುಖ್ಯ ಕಾರಣ.

ಇನ್ನು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎಂಬ ಕಾಡು ನೋಡಿ. ಅಲ್ಲಿ ಬೇಸಿಗೆ ಉದ್ದವೇ, ಆದರೂ ವರ್ಷವಿಡೀ ನೀರು ಜಿನುಗುವ ಹಳ್ಳದಲ್ಲಿ ಜಾಯಿಕಾಯಿಯ ಬಳಗಕ್ಕೆ ಸೇರಿದ ರಾಮಪತ್ರೆ ಜಾತಿಯ ಮರಗಳು ಉಳಿದಿವೆ. ಕೆಸರಿನಲ್ಲಿ ಗಾಳಿ ಸಿಗದ್ದರಿಂದ ಬೇರು ಮಡಿಸಿದ ಮೊಣಕಾಲಿನಂತೆ ಮೇಲೆದ್ದು ಮತ್ತೆ ಕೆಳಗಿಳಿಯುತ್ತದೆ. ದಪ್ಪ ಬೀಜ ಒಣಗಿದರೆ ಸತ್ತಂತೆಯೇ. ಹಳ್ಳದ ನೀರನ್ನು ತೋಟಕ್ಕೆ ತಿರುಗಿಸಿದರೆ ದೊಡ್ಡ ಮರ ಕೆಲಕಾಲ ನಿಂತಿರುತ್ತದೆ, ಸಸಿ ಮಾತ್ರ ಏಳುವುದಿಲ್ಲ. ಆದ್ದರಿಂದ ಇಂಥ ಕಡೆ ಮರ ಎಣಿಸುವವರು ಸಸಿಗಳನ್ನೂ ಬೇರೆಯಾಗಿ ಎಣಿಸಲೇಬೇಕು.

ನೀವೇ ಹೋಲಿಸಿ ನೋಡುವುದಾದರೆ ಎಲ್ಲ ಕಡೆ ಒಂದೇ ಅಳತೆಯ ಚೌಕ ಹಾಕಿ, ಒಂದೇ ಋತುವಿನಲ್ಲಿ ಎಣಿಸಿ. ರಸ್ತೆ ಬದಿಯದ್ದಷ್ಟೇ ಬರೆದುಕೊಂಡರೆ ಬಿಸಿಲು ಬೇಡುವ ಗಿಡಗಳೇ ಪಟ್ಟಿ ತುಂಬುತ್ತವೆ.