ಓದುಗರ ಪ್ರಶ್ನೆ: ಹೆಸರು ನೋಂದಾಯಿಸಿದರೆ ಸಾಕೇ?

ಅಂಗಾಂಗ ದಾನಕ್ಕೆ ಆಧಾರ್ ಕೊಟ್ಟು ನೋಂದಾಯಿಸಿದ್ದೇನೆ. ಮನೆಯಲ್ಲೇ ತೀರಿಕೊಂಡರೆ ಕಿಡ್ನಿ, ಲಿವರ್ ಉಪಯೋಗಕ್ಕೆ ಬರುತ್ತವೆಯೇ? – ಓದುಗರು, ಸಿರುಗುಪ್ಪ

ಬರುವುದಿಲ್ಲ. ಎದೆಬಡಿತ ನಿಂತರೆ ರಕ್ತ ಹರಿಯುವುದಿಲ್ಲ, ಆ ಅಂಗಗಳು ನಿಮಿಷಗಳಲ್ಲೇ ಕೆಡತೊಡಗುತ್ತವೆ. ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವಾಗ ಮಿದುಳು ಸತ್ತಿದೆ ಎಂದು ಖಚಿತವಾದರೆ ಮಾತ್ರ ಸಾಮಾನ್ಯವಾಗಿ ಅವುಗಳ ದಾನ ಸಾಧ್ಯ. ಮನೆಯಲ್ಲಿ ಸತ್ತರೂ ಕಣ್ಣು ಕೊಡಬಹುದು. ಇನ್ನೊಂದು ಮಾತು: ನೋಂದಣಿ ನಿಮ್ಮ ಇಚ್ಛೆಯ ದಾಖಲೆ ಅಷ್ಟೇ. ಆ ಹೊತ್ತಿಗೆ ಆಸ್ಪತ್ರೆಯವರು ಕೇಳುವುದು ಮನೆಯವರನ್ನೇ. ಹೆಂಡತಿ, ಮಕ್ಕಳಿಗೆ ಇವತ್ತೇ ಹೇಳಿಡಿ.

ಅಪಘಾತವಾದವರ ಎದೆ ಬಡಿಯುತ್ತಿರುವಾಗಲೇ ‘ಸತ್ತಿದ್ದಾರೆ’ ಎನ್ನುತ್ತಾರಲ್ಲ, ನಂಬುವುದು ಹೇಗೆ? – ಓದುಗರು, ಲಿಂಗಸುಗೂರು

ಈ ಅನುಮಾನ ಸಹಜ, ಕೇಳಲೇಬೇಕು. ಹೃದಯಕ್ಕೆ ತನ್ನದೇ ವಿದ್ಯುತ್ ಕೇಂದ್ರವಿದೆ. ಆಮ್ಲಜನಕ ಸಿಗುವವರೆಗೆ ಮಿದುಳಿನ ಆಜ್ಞೆಯಿಲ್ಲದೆಯೂ ಬಡಿಯುತ್ತದೆ. ಉಸಿರಾಟಕ್ಕೆ ಮಾತ್ರ ಮಿದುಳುಕಾಂಡ (ಮಿದುಳಿನ ಬುಡದ ಭಾಗ) ಬೇಕೇ ಬೇಕು. ಅದಕ್ಕೇ ಆಮ್ಲಜನಕ ಕೊಡುತ್ತಲೇ ವೆಂಟಿಲೇಟರ್ ಬೇರ್ಪಡಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗಲೂ ಒಂದೇ ಒಂದು ಉಸಿರು ಬರುತ್ತದೆಯೇ ಎಂದು ನೋಡುತ್ತಾರೆ. ಕಣ್ಣಿಗೆ ಬೆಳಕು ಬಿಟ್ಟಾಗ ಪಾಪೆ ಕುಗ್ಗುತ್ತದೆಯೇ, ಗಂಟಲು ಮುಟ್ಟಿದರೆ ಕೆಮ್ಮು ಬರುತ್ತದೆಯೇ ಎಂಬ ಪರೀಕ್ಷೆಗಳೂ ಇವೆ. ಕೋಮಾದಲ್ಲಿರುವವರಲ್ಲಿ ಇವುಗಳಲ್ಲಿ ಕೆಲವಾದರೂ ಉಳಿದಿರುತ್ತವೆ. ಮಿದುಳು ಸತ್ತವರಲ್ಲಿ ಒಂದೂ ಇರುವುದಿಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯಂತೆ ನಾಲ್ವರು ವೈದ್ಯರು, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿ ಮಾಡಬೇಕು. ಕಸಿ ತಂಡದವರು ಆ ನಾಲ್ವರಲ್ಲಿ ಇರುವಂತಿಲ್ಲ. ಎರಡೂ ಪರೀಕ್ಷೆಗಳ ಫಲಿತಾಂಶವನ್ನು ವಿವರಿಸಿ ಎಂದು ಧೈರ್ಯವಾಗಿ ಕೇಳಿ.

ಒಪ್ಪಿಗೆ ಕೊಟ್ಟ ಮೇಲೆ ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆ ಸರದಿ ಪಟ್ಟಿಯಂತೆ ಅಂಗ ಹಂಚುತ್ತದೆ. ಯಾರಿಗೆ ಕೊಡಬೇಕೆಂದು ಮನೆಯವರು ಹೇಳುವಂತಿಲ್ಲ, ಹಣದ ಮಾತಂತೂ ಅಪರಾಧ. ತೆಗೆದ ಹೃದಯ ಸುಮಾರು 4 ಗಂಟೆಯಷ್ಟೇ ತಾಳುತ್ತದೆ, ಕಿಡ್ನಿ ಒಂದು ದಿನದವರೆಗೂ ಇರುತ್ತದೆ. ನಮ್ಮ ಭಾಗ ಬೆಂಗಳೂರಿನಿಂದ ದೂರವಿರುವುದರಿಂದ ಈ ಲೆಕ್ಕ ಬಹಳ ಮುಖ್ಯ. ಅಪಘಾತದ ಪ್ರಕರಣವಾದರೆ ಪೊಲೀಸರಿಗೂ ಮೊದಲೇ ತಿಳಿಸಬೇಕು. ಅಲ್ಲಿ ತಡವಾದರೆ ರಕ್ತದೊತ್ತಡ ಕುಸಿದು ಅಂಗಗಳು ಹಾಳಾಗುತ್ತವೆ.

ನಮ್ಮಲ್ಲಿ ಶವವನ್ನು ಕೂರಿಸಿ ಭಜನೆ ಮಾಡುತ್ತೇವೆ. ಕಣ್ಣು ಕೊಟ್ಟರೆ ಮುಖ ವಿಕಾರವಾಗುವುದಿಲ್ಲವೇ? – ಓದುಗರು, ಕುಷ್ಟಗಿ

ಇಲ್ಲ. ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನಷ್ಟೇ ತೆಗೆದರೂ, ಇಡೀ ಗುಡ್ಡೆ ತೆಗೆದರೂ ಆಕಾರ ಕೊಟ್ಟು ರೆಪ್ಪೆ ಮುಚ್ಚುತ್ತಾರೆ. ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸ, ಆಮೇಲೆ ಕೂರಿಸಬಹುದು. ಸ್ವಲ್ಪ ರಕ್ತ ಜಿನುಗಿದರೆ ಹತ್ತಿಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ.

ಸಾವು ಸಂಭವಿಸಿದ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಬೇಸಿಗೆಯಲ್ಲಿ ಇನ್ನೂ ಬೇಗ. ಮೊದಲು ನೇತ್ರ ಬ್ಯಾಂಕಿಗೆ ಫೋನ್ ಮಾಡಿ, ಊರವರಿಗೆ ಆಮೇಲೆ. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆ ಕೆಳಗೆ ದಿಂಬು ಹಾಕಿ, ಫ್ಯಾನ್ ಆರಿಸಿ. ಗಾಳಿಗೆ ಪೊರೆ ಒಣಗಿ ಮಸುಕಾಗುವುದೇ ಹೆಚ್ಚಿನ ನಷ್ಟಕ್ಕೆ ಕಾರಣ. ವೈದ್ಯರಿಂದ ಮರಣ ದೃಢೀಕರಣ ಪತ್ರ ಸಿದ್ಧವಿರಲಿ. ತಂಡದವರು ಸ್ವಲ್ಪ ರಕ್ತವನ್ನೂ ತೆಗೆದುಕೊಳ್ಳುತ್ತಾರೆ. ಕನ್ನಡಕ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ (ಕ್ಯಾಟರ್ಯಾಕ್ಟ್) ಆಪರೇಷನ್ ಆಗಿದ್ದರೂ ಅಡ್ಡಿಯಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಅಥವಾ ಸಿ, ರೇಬೀಸ್ ಇದ್ದರೆ ಆಗದು.