ನಿಂತುಹೋದ ನಗರ ಪತ್ರಿಕೆಯ ಚರಿತ್ರೆ ಬರೆಯಲು ಎಲ್ಲ ಸಂಚಿಕೆಗಳು ಸಿಗುವವರೆಗೆ ಕಾಯಬೇಕೇ?

ನಿಮ್ಮ ನಗರದ ದಿನಪತ್ರಿಕೆ ನಿಂತು ಹದಿನೆಂಟು ವರ್ಷವಾಗಿದೆ, ಕೈಯಲ್ಲಿ ನಲವತ್ತೇ ಸಂಚಿಕೆಗಳಿವೆ, ‘ಅದು ಯಾಕೆ ಸತ್ತಿತು’ ಎಂದು ಬರೆಯಬೇಕು ಎಂದಿದ್ದೀರಿ. ಓದುತ್ತಿದ್ದಂತೆ ನನಗೆ 1993ರ ಜೂನ್ ತಿಂಗಳ ಮಳೆ ನೆನಪಾಯಿತು.

‘ಮಂಗಳೂರ ಸಮಾಚಾರ’ಕ್ಕೆ ಆ ವರ್ಷ 150 ತುಂಬುತ್ತಿತ್ತು. 1843ರ ಜುಲೈ 1ರಂದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರಡಿಸಿದ ಪಾಕ್ಷಿಕ. ಕನ್ನಡದ ಮೊದಲ ಪತ್ರಿಕೆ. ಈಗಲೂ ಜುಲೈ 1ರಂದು ನಾವು ಪತ್ರಿಕಾ ದಿನ ಆಚರಿಸುವುದು ಅದರ ಲೆಕ್ಕದಲ್ಲೇ. ಅದರ ಚರಿತ್ರೆಯನ್ನು ಒಂದು ಸ್ಮರಣ ಸಂಚಿಕೆಗೆ ಬರೆದುಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಕಾಲೇಜು ಬಿಟ್ಟು ಎರಡು ವರ್ಷವಾಗಿತ್ತು, ತಲೆ ತುಂಬ ಧಿಮಾಕು.

ಯಾರೋ ಹೇಳಿದರೆಂದು ಮಂಗಳೂರಿನ ಜೆಪ್ಪುವಿನಲ್ಲಿದ್ದ ಒಬ್ಬ ಹಿರಿಯರನ್ನು ನೋಡಲು ಹೋದೆ. ಮೂವತ್ತೈದು ವರ್ಷ ಪ್ರೆಸ್ಸುಗಳಲ್ಲಿ ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರಗಳನ್ನು, ಜೋಡಿಸಿ ನಿವೃತ್ತರಾದವರು. ಹಂಚಿನ ಮನೆಯ ಜಗಲಿಯಲ್ಲಿ ಚಹಾ ಕೊಟ್ಟು, ಒಳಗಿನಿಂದ ಕೆಂಪು ಬೈಂಡಿನ ಒಂದು ಲೆಕ್ಕದ ಪುಸ್ತಕ ತಂದರು. ಹಳೆಯ ಪತ್ರಿಕೆಗಳಲ್ಲಿ, ಮಿಷನ್ನಿನ ವರದಿಗಳಲ್ಲಿ ಕಂಡದ್ದನ್ನೆಲ್ಲ ಅದರಲ್ಲಿ ಕೈಯಿಂದ ನಕಲು ಮಾಡಿಟ್ಟಿದ್ದರು. ಮಾತನಾಡುವಾಗ ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸುಮ್ಮನಿರುತ್ತಿರಲಿಲ್ಲ. ಇಲ್ಲದ ಮೊಳೆಯನ್ನು ಹಿಡಿದು ತಿರುಗಿಸಿ ನೋಡುತ್ತಿದ್ದವು.

ಪುಸ್ತಕದ ಮೊದಲ ಹತ್ತು ಪುಟ ‘ಮಂಗಳೂರ ಸಮಾಚಾರ’. ‘ಊರ ವರ್ತಮಾನ’, ‘ಸರ್ವರಾಜ್ಯ ವರ್ತಮಾನ’, ದಾಸರ ಪದಗಳು, ಹೀಗೆ ಅದರಲ್ಲಿ ಏನೇನು ಬರುತ್ತಿತ್ತು ಎಂಬುದೆಲ್ಲ ಇತ್ತು. ಗಬಗಬನೆ ಬರೆದುಕೊಂಡೆ. ಮುಂದಿನ ನಲವತ್ತು ಐವತ್ತು ಪುಟಗಳಿಗೆ ‘ಕನ್ನಡ ಸಮಾಚಾರ, ಬಳ್ಳಾರಿ’ ಎಂಬ ತಲೆಬರಹವಿತ್ತು. ನಾನು ಪುಸ್ತಕ ಮುಚ್ಚಿದೆ.

“ಉಳಿದದ್ದು ಬೇಡವಾ ಮಾರಾಯರೇ?” ಎಂದು ಅವರು ಕೇಳಿದರು.

“ಅದು ಬಳ್ಳಾರಿಯದ್ದಲ್ಲವೇ? ನನ್ನ ವಿಷಯ ಮಂಗಳೂರಿನ ಪತ್ರಿಕೆ” ಎಂದೆ.

“ಕಲ್ಲು ಇಲ್ಲಿತ್ತು, ಮೊಳೆ ಅಲ್ಲಿತ್ತು” ಎಂದರು. ನನಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಕೇಳುವ ಬುದ್ಧಿಯೂ ಇರಲಿಲ್ಲ. ಐದು ಗಂಟೆಯ ಬಸ್ ಹಿಡಿಯಬೇಕಿತ್ತು.

ಲೇಖನದಲ್ಲಿ ಹೀಗೆ ಬರೆದೆ: ‘ಓದುಗರಿಲ್ಲದೆ ಎಂಟೇ ತಿಂಗಳಲ್ಲಿ ಕಣ್ಣು ಮುಚ್ಚಿತು.’ 1844ರ ಫೆಬ್ರುವರಿಯ ನಂತರ ಆ ಹೆಸರಿನ ಸಂಚಿಕೆ ಕಾಣಲಿಲ್ಲ, ಆದ್ದರಿಂದ ಸತ್ತಿತು. ಸತ್ತಿತು ಎಂದಮೇಲೆ ಓದುಗರಿರಲಿಲ್ಲ. ಎಂಥ ತರ್ಕ ನೋಡಿ.

ನಡೆದದ್ದು ನೇರ ಉಲ್ಟಾ. ಕೆಲವೇ ತಿಂಗಳಲ್ಲಿ ಪತ್ರಿಕೆಗೆ ಮೈಸೂರು, ತುಮಕೂರು, ಶಿವಮೊಗ್ಗ, ಬಳ್ಳಾರಿಯ ಕಡೆಗೂ ಓದುಗರಾದರು. ಮಂಗಳೂರಿನಲ್ಲಿ ಆಗ ಇದ್ದದ್ದು ಕಲ್ಲಚ್ಚು. ಜಿಡ್ಡಿನ ಮಸಿಯಲ್ಲಿ ಕೈಯಿಂದ ಬರೆದ ಪುಟವನ್ನು ನಯವಾದ ಕಲ್ಲಿಗೆ ಇಳಿಸಿ, ಕಲ್ಲಿಗೆ ನೀರು ಸವರಿ, ಮಸಿಯ ಉರುಳೆ ಆಡಿಸಿ, ಒಂದೊಂದೇ ಹಾಳೆ ಒತ್ತಿ ತೆಗೆಯಬೇಕು. ಕನ್ನಡದ ಅಚ್ಚುಮೊಳೆ ಇದ್ದದ್ದು ಬಳ್ಳಾರಿಯ ಮಿಷನ್ ಪ್ರೆಸ್ಸಿನಲ್ಲಿ. ಪತ್ರಿಕೆ ಅಲ್ಲಿಗೆ ಹೋಯಿತು. ಎಲ್ಲ ಕನ್ನಡಿಗರಿಗೂ ಸಲ್ಲುವಂತೆ ಊರಿನ ಹೆಸರು ಬಿಟ್ಟು ‘ಕನ್ನಡ ಸಮಾಚಾರ’ವಾಯಿತು. ಬೆಳೆದು ಮನೆ ಬದಲಿಸಿದವರ ಹಳೆಯ ಬಾಗಿಲಿಗೆ ಹೋಗಿ ನಾನು ತಿಥಿಯ ಊಟ ಕೇಳಿದ್ದೆ.

ಸಮಾರಂಭದಲ್ಲಿ ಲೇಖನ ಓದಿ ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು, “ಬಳ್ಳಾರಿಗೆ ಹೋದದ್ದನ್ನು ಹೇಳಲೇ ಇಲ್ಲವಲ್ಲ?” ಎಂದರು. ಸ್ಮರಣ ಸಂಚಿಕೆ ಆಗಲೇ ಅಚ್ಚಾಗಿ ಎಲ್ಲರ ಮಡಿಲಲ್ಲಿತ್ತು.

ಈ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಬೇಸರವಾದರೂ ಓದಿ. ನನ್ನ ಬಳಿ ಟಿಪ್ಪಣಿಯ ಚೀಟಿಗಳಿದ್ದವು. ಪ್ರತಿ ಚೀಟಿಯ ನೆತ್ತಿಯ ಮೇಲೆ ಪತ್ರಿಕೆಯ ಹೆಸರು ಬರೆಯುವುದು ನನ್ನ ಶಿಸ್ತು. ಆ ಹೆಸರಿಲ್ಲದ ಸಂಗತಿಗೆ ಚೀಟಿಯೇ ಇಲ್ಲ. ಅಂದರೆ ಹೆಸರು ಬದಲಾದ ದಿನವೇ ಪತ್ರಿಕೆ ನನ್ನ ಡಬ್ಬಿಯಿಂದ ಮಾಯ. ಗ್ರಂಥಾಲಯದಲ್ಲಿ ಕೇಳಿದ್ದು ಹೆಸರನ್ನು, ಹಿರಿಯರ ಮುಂದೆ ಕುಳಿತು ಹುಡುಕಿದ್ದೂ ಹೆಸರನ್ನು. ಪತ್ರಿಕೆಯೆಂದರೆ ಹೆಸರಲ್ಲ, ಅದು ಒಂದು ಯಂತ್ರ, ಒಂದಷ್ಟು ಮೊಳೆ, ನಾಲ್ಕೈದು ಜನ, ಅಂಚೆಯ ದಾರಿ. ಇವುಗಳಲ್ಲಿ ಒಂದನ್ನಾದರೂ ಹಿಡಿದು ಹೊರಟಿದ್ದರೆ ಬಳ್ಳಾರಿ ತಾನಾಗಿ ಎದುರಾಗುತ್ತಿತ್ತು. ಆ ಹಿರಿಯರು ನಾಲ್ಕೇ ಪದದಲ್ಲಿ ಅದನ್ನು ಹೇಳಿಯೂ ಇದ್ದರು ಎನ್ನಬೇಕು. ಕಲ್ಲು ಇಲ್ಲಿ, ಮೊಳೆ ಅಲ್ಲಿ.

ನಾಚಿಕೆಯಿಂದ ಜೆಪ್ಪುವಿನ ಕಡೆ ತಲೆ ಹಾಕದೆ ಒಂದು ವರ್ಷ ಕಳೆದೆ. ಹೋದಾಗ ಗೋಡೆಯ ಮೇಲೆ ಅವರ ಫೋಟೋಗೆ ಹಾರವಿತ್ತು. ಕೆಂಪು ಪುಸ್ತಕ? “ಕಾಗದ ಪತ್ರವೆಲ್ಲ ಗುಜರಿಯವನಿಗೆ ಕೊಟ್ಟೆವು, ಗೆದ್ದಲು ಹಿಡಿದಿತ್ತು” ಎಂದರು ಮಗ. ಪಾಪ, ಅವರದೇನೂ ತಪ್ಪಿಲ್ಲ. ಆ ಪುಟಗಳನ್ನು ತೆರೆದಿಟ್ಟಾಗ ಮುಚ್ಚಿದವನು ನಾನು.

ಈಗ ನಿಮ್ಮ ವಿಷಯ. ‘ಯಾಕೆ ಸತ್ತಿತು’ ಎಂಬ ಪ್ರಶ್ನೆಯನ್ನೇ ಬಿಡಿ. ಆ ಪ್ರಶ್ನೆಗೆ ಊರಿನಲ್ಲಿ ಎಲ್ಲರ ಬಳಿಯೂ ಸಿದ್ಧ ಉತ್ತರವಿರುತ್ತದೆ: ಟಿವಿ ಬಂತು, ದೊಡ್ಡ ಪತ್ರಿಕೆಗಳು ಬಂದವು, ಮಕ್ಕಳು ಜಗಳವಾಡಿದರು. ಅದರ ಬದಲು ಮುದ್ರಣಯಂತ್ರ ಯಾರಿಗೆ ಮಾರಾಟವಾಯಿತು ಎಂದು ಕೇಳಿ. ಏಜೆಂಟರು ಮರುದಿನದಿಂದ ಯಾವ ಪತ್ರಿಕೆ ಹಂಚಿದರು, ವರದಿಗಾರರು ಎಲ್ಲಿ ಸೇರಿದರು ಎಂದು ಕೇಳಿ.

ಎಲ್ಲ ಸಂಚಿಕೆಗಳಿಗೆ ಕಾಯಬೇಡಿ. ನಲವತ್ತು ಸಾಕಷ್ಟಾಯಿತು, ಅವುಗಳಲ್ಲಿ ಮಾರ್ಚ್ ಮೊದಲ ವಾರದ್ದು ಒಂದಿದ್ದರೆ. ನೀವು ಬರೀ ಮುಖಪುಟ ನೋಡುತ್ತಿದ್ದೀರಿ ಎಂದು ನನ್ನ ಅನುಮಾನ. 1956ರ ಪತ್ರಿಕಾ ನೋಂದಣಿ ನಿಯಮಗಳ ಪ್ರಕಾರ, ಫೆಬ್ರುವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ‘ನಮೂನೆ 4’ ಎಂಬ ಹೇಳಿಕೆ ಅಚ್ಚಾಗಬೇಕಿತ್ತು: ಪ್ರಕಟಣೆಯ ಸ್ಥಳ, ಮುದ್ರಕರು, ಪ್ರಕಾಶಕರು, ಸಂಪಾದಕರು, ಬಂಡವಾಳದಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲಿರುವವರ ಹೆಸರು ಮತ್ತು ವಿಳಾಸ. ಎರಡು ಬೇರೆ ವರ್ಷಗಳ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟರೆ ಯಾರು ಒಳಗೆ ಬಂದರು, ಯಾರು ಹೊರನಡೆದರು ಎಂಬುದು ಜಗಳದ ಕಥೆಗಳಿಗಿಂತ ಚೆನ್ನಾಗಿ ಕಾಣುತ್ತದೆ. ಉಳಿದ ದಿನಗಳ ಸಂಚಿಕೆಯ ಕೊನೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಮುದ್ರಕರ ಹೆಸರೂ ಅಚ್ಚಾದ ಸ್ಥಳವೂ ಇರುತ್ತದೆ. 1867ರ ಕಾಯ್ದೆಯ ಕಾಲದಿಂದಲೂ ಅದು ಕಡ್ಡಾಯ. ಫೋಟೋ ತೆಗೆಯುವಾಗ ಆ ಸಾಲನ್ನು ಕತ್ತರಿಸಬೇಡಿ.

ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಈಗಲೇ ಹೋಗಲೇ ಎಂದೂ ಕೇಳಿದ್ದೀರಿ. ಪ್ರತಿ ಕಳುಹಿಸಬೇಕೆಂಬ ಕಾನೂನು ಪತ್ರಿಕೆಗಳಿಗೂ ಇದೆ, ನಿಮ್ಮವರು ಕಳುಹಿಸಿದ್ದರೆ ಅಲ್ಲಿರುತ್ತದೆ. ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಕಾಯದೆ ಹೋಗಿಬಿಡುವವರು ಪ್ರೆಸ್ಸಿನಲ್ಲಿ ರಾತ್ರಿಪಾಳಿ ಮಾಡಿದ ವಯಸ್ಸಾದವರು, ಮೊದಲು ಅವರನ್ನು ನೋಡಿ. ಸಂಪಾದಕರ ಮನೆಯವರನ್ನು ಕೊನೆಗೆ ಮಾತನಾಡಿಸಿ. ಅವರ ಕಥೆ ಹಾರ ಹಾಕಿಕೊಂಡೇ ಹೊರಬರುತ್ತದೆ.

ಕಳೆದ ವರ್ಷ ಒಬ್ಬ ಹುಡುಗಿ ಪತ್ರಿಕೋದ್ಯಮದ ಪ್ರಾಜೆಕ್ಟ್ ವರದಿ ಹಿಡಿದು ಬಂದಿದ್ದಳು, ತಿದ್ದಿಕೊಡಿ ಎಂದು. ಮೂರನೇ ಪುಟದಲ್ಲಿ ‘ಓದುಗರಿಲ್ಲದೆ ಎಂಟೇ ತಿಂಗಳಲ್ಲಿ ಕಣ್ಣು ಮುಚ್ಚಿತು’ ಎಂದಿತ್ತು. ಎಲ್ಲಿ ಸಿಕ್ಕಿತು ಎಂದು ಕೇಳಿದೆ. “ಒಂದು ಹಳೆಯ ಸ್ಮರಣ ಸಂಚಿಕೆಯಲ್ಲಿ ಸರ್, ನಂಬಬಹುದಲ್ಲವೇ?” ಎಂದಳು.